ವರ್ಚುವಲ್ ಮಷೀನ್‌ಗಳ ವಿಪತ್ತು ಚೇತರಿಕೆ: ಮಿರರ್ ಸ್ಟೋರೇಜ್ ಮತ್ತು ಫೇಲ್‌ಬ್ಯಾಕ್

ಬೆಂಕಿ, ನೆರೆ, ಭೂಕಂಪ, ವಿದ್ಯುತ್ ವೈಫಲ್ಯ ಇಲ್ಲವೇ ಸ್ಟೋರೇಜ್ ದೋಷದಿಂದ ಒಂದು ಡೇಟಾ ಸೆಂಟರ್ ನಿಂತುಹೋದಾಗ, ಅಲ್ಲಿ ನಡೆಯುತ್ತಿದ್ದ ವರ್ಚುವಲ್ ಮಷೀನ್‌ಗಳನ್ನು (ವಿಎಂ) ದೂರದ ಇನ್ನೊಂದು ಸೆಂಟರಿನಲ್ಲಿ ಮೊದಲೇ ಸಿದ್ಧವಿರುವ ಡಿಸ್ಕ್ ಪ್ರತಿಯಿಂದ ಎಬ್ಬಿಸಿ ಕೆಲಸ ಮುಂದುವರಿಸುವ ವ್ಯವಸ್ಥೆಯೇ ವಿಪತ್ತು ಚೇತರಿಕೆ. ಕಚೇರಿಯ ಮಾತಿನಲ್ಲಿ ಇದು ಡಿಆರ್. ಕೆಲಸ ಆಚೆಗೆ ಹೋಗುವುದು ಫೇಲ್‌ಓವರ್. ಮೂಲ ಸೆಂಟರ್ ದುರಸ್ತಿಯಾದ ಮೇಲೆ, ನಡುವೆ ಆಚೆ ಬರೆದ ಮಾಹಿತಿ ಕಳೆಯದಂತೆ ಕೆಲಸವನ್ನು ಹಿಂದಕ್ಕೆ ತರುವುದು ಫೇಲ್‌ಬ್ಯಾಕ್. ಎರಡಕ್ಕೂ ಆಧಾರ ಮಿರರ್ ಸ್ಟೋರೇಜ್, ಅಂದರೆ ಇಲ್ಲಿ ಬರೆದ ಪ್ರತಿಯೊಂದು ಬ್ಲಾಕನ್ನೂ ಅಲ್ಲಿಯೂ ಬರೆಯುವ ಏರ್ಪಾಡು.

ಡಿಆರ್‌ಗೆ ಎರಡು ಅಳತೆಗೋಲುಗಳು ರೂಢಿಯಲ್ಲಿವೆ. ಎಷ್ಟು ಹೊತ್ತಿನ ಮಾಹಿತಿ ಕಳೆದರೆ ಸಂಸ್ಥೆ ತಡೆದುಕೊಂಡೀತು ಎಂಬುದು ಆರ್‌ಪಿಒ. ಸೇವೆ ಮತ್ತೆ ಶುರುವಾಗಲು ಎಷ್ಟು ಹೊತ್ತು ಹಿಡಿಯಬಹುದು ಎಂಬುದು ಆರ್‌ಟಿಒ. ಟೆಂಡರ್‌ಗಳಲ್ಲಿ, ಒಪ್ಪಂದಗಳಲ್ಲಿ, ಆಡಿಟ್ ವರದಿಗಳಲ್ಲಿ ಇವೆರಡೇ ಮತ್ತೆ ಮತ್ತೆ ಬರುತ್ತವೆ. ಹಿಂದಿರುಗಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಮಾತ್ರ ಇಂಥ ಚಾಲ್ತಿಯ ಅಳತೆಯೊಂದು ಹುಟ್ಟಿಲ್ಲ. ಅಳತೆ ಇಲ್ಲದ ಕೆಲಸಕ್ಕೆ ಯೋಜನೆಯೂ ಇರುವುದಿಲ್ಲ. ಡಿಆರ್‌ನ ಹೆಚ್ಚಿನ ತೊಂದರೆಗಳು ಬಚ್ಚಿಟ್ಟುಕೊಂಡಿರುವುದು ಆ ಹಿಂದಾರಿಯಲ್ಲೇ.

ಹಿನ್ನೆಲೆ

ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳಲ್ಲಿ ಬರೆಯುವ ಪದ್ಧತಿ ಹಳೆಯದು. 1976ರಲ್ಲಿ ಬಂದ ಟ್ಯಾಂಡೆಮ್ ಕಂಪನಿಯ ನಾನ್‌ಸ್ಟಾಪ್ ಕಂಪ್ಯೂಟರ್‌ಗಳಲ್ಲಿ ಡಿಸ್ಕುಗಳನ್ನು ಜೋಡಿಯಾಗಿ ಇಡಬಹುದಿತ್ತು. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ‘ರೇಡ್’ ವ್ಯವಸ್ಥೆಯನ್ನು ವಿವರಿಸಿ ಪ್ರಬಂಧ ಬರೆದಾಗ ಮಿರರಿಂಗ್‌ಗೆ ಅದರ ಒಂದನೆಯ ಮಟ್ಟದ ಸ್ಥಾನ ಸಿಕ್ಕಿತು. ಇದರಿಂದ ಡಿಸ್ಕ್ ಕೆಟ್ಟರೆ ರಕ್ಷಣೆ ಸಿಗುತ್ತದೆ. ಆದರೆ ಕಟ್ಟಡಕ್ಕೇ ಬೆಂಕಿ ಬಿದ್ದರೆ ಎರಡೂ ಡಿಸ್ಕು ಒಟ್ಟಿಗೆ ಹೋಗುತ್ತವೆ. 1994ರಲ್ಲಿ ಇಎಂಸಿ ಕಂಪನಿ ತನ್ನ ಸಿಮ್ಮೆಟ್ರಿಕ್ಸ್ ಸ್ಟೋರೇಜ್‌ಗೆ ಎಸ್‌ಆರ್‌ಡಿಎಫ್ ಎಂಬ ಸೌಲಭ್ಯ ತಂದು ಜೋಡಿಯ ಒಂದು ಡಿಸ್ಕನ್ನು ಬೇರೆ ಊರಿಗೆ ಸಾಗಿಸಿತು. ಹಿಟಾಚಿ, ಐಬಿಎಂ, ನೆಟ್‌ಆ್ಯಪ್ ಮೊದಲಾದವೂ ಇದೇ ದಾರಿ ಹಿಡಿದವು. ದುಬಾರಿ ಪೆಟ್ಟಿಗೆ ಕೊಳ್ಳಲಾಗದವರಿಗೆ ವಿಯೆನ್ನಾದ ಫಿಲಿಪ್ ರೈಸ್ನರ್ ಆರಂಭಿಸಿದ ಡಿಆರ್‌ಬಿಡಿ ಒದಗಿತು. ಸಾಮಾನ್ಯ ಸರ್ವರ್‌ಗಳ ಡಿಸ್ಕುಗಳನ್ನೇ ನೆಟ್‌ವರ್ಕ್ ಮೂಲಕ ಜೋಡಿ ಮಾಡುವ ಈ ತಂತ್ರಾಂಶ 2010ರಲ್ಲಿ ಲಿನಕ್ಸ್ ಕರ್ನೆಲ್‌ನ 2.6.33 ಆವೃತ್ತಿಯಲ್ಲಿ ಸೇರಿತು.

ವಿಎಂ ಕೂಡ ಹೊಸದೇನಲ್ಲ. ಐಬಿಎಂ ಮೇನ್‌ಫ್ರೇಮ್‌ಗಳಿಗೆ ವಿಎಂ/370 ಬಂದದ್ದು 1972ರಲ್ಲಿ. ಆದರೆ ಸಾಮಾನ್ಯ ಸರ್ವರ್‌ಗಳಿಗೆ ಅದನ್ನು ತಂದದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್. ಅದರ ಇಎಸ್‌ಎಕ್ಸ್ ಸರ್ವರ್ ಹೊರಬಂದದ್ದು 2001ರಲ್ಲಿ. ಅದಕ್ಕೂ ಮುಂಚೆ ಡಿಆರ್ ಸೈಟಿನಲ್ಲಿ ಅದೇ ಮಾದರಿಯ ಸರ್ವರ್, ಅದೇ ಕಾರ್ಡು, ಅದೇ ಡ್ರೈವರ್ ಇರಬೇಕಾಗಿತ್ತು. ಇಲ್ಲದಿದ್ದರೆ ಡಿಸ್ಕ್ ಪ್ರತಿ ಕ್ಷೇಮವಾಗಿದ್ದರೂ ಯಂತ್ರ ಏಳುತ್ತಿರಲಿಲ್ಲ. ವಿಎಂ ಎಂದರೆ ಕೊನೆಗೂ ಕೆಲವು ಫೈಲುಗಳು: ಒಂದು ಸಂರಚನೆಯದು, ಉಳಿದವು ಡಿಸ್ಕಿನವು. ಫೈಲು ತಲುಪಿದರೆ ಯಂತ್ರವೇ ತಲುಪಿದಂತೆ. 2008ರಲ್ಲಿ ಬಂದ ವಿಎಂವೇರ್‌ನ ಸೈಟ್ ರಿಕವರಿ ಮ್ಯಾನೇಜರ್ (ಎಸ್‌ಆರ್‌ಎಂ) ಮಿರರ್ ಸ್ಟೋರೇಜ್‌ಗೂ ವಿಎಂಗಳಿಗೂ ಗಂಟುಹಾಕಿ, ಯಾವ ವಿಎಂ ಮೊದಲು ಏಳಬೇಕು, ಯಾವುದು ಆಮೇಲೆ ಎಂಬ ಪಟ್ಟಿಯನ್ನು ಒಂದು ಗುಂಡಿಯ ಕೆಳಗೆ ತಂದಿತು. ಆ ಗುಂಡಿ ಕೆಲಸ ಮಾಡುತ್ತಿದ್ದದ್ದು ಒಂದೇ ದಿಕ್ಕಿಗೆ. ಹಿಂದಿರುಗಬೇಕೆಂದರೆ ಎಲ್ಲವನ್ನೂ ಕೈಯಾರೆ ತಿರುಗಿಸಿ ಕಟ್ಟಬೇಕಿತ್ತು. ಸ್ವಯಂಚಾಲಿತ ಫೇಲ್‌ಬ್ಯಾಕ್ ಸೇರಿದ್ದು 2011ರ 5.0 ಆವೃತ್ತಿಯಲ್ಲಿ. ಹೋಗುವ ದಾರಿ ಮೊದಲು, ಬರುವ ದಾರಿ ಮೂರು ವರ್ಷದ ಮೇಲೆ! ಈ ಉದ್ಯಮದ ಗಮನ ಎತ್ತ ಇತ್ತೆಂಬುದಕ್ಕೆ ಇದೇ ಸಾಕ್ಷಿ.

ದೂರದ ಲೆಕ್ಕ

ಮಿರರಿಂಗ್‌ನಲ್ಲಿ ಎರಡು ಬಗೆ. ಸಿಂಕ್ರನಸ್ ಬಗೆಯಲ್ಲಿ ಎರಡೂ ಕಡೆ ಬರೆದಾಯಿತು ಎಂಬ ಉತ್ತರ ಬರುವ ತನಕ ತಂತ್ರಾಂಶ ಕಾಯುತ್ತದೆ. ಏನೂ ಕಳೆಯುವುದಿಲ್ಲ, ಆದರೆ ಪ್ರತಿ ರೈಟ್‌ಗೂ ಕಾಯಬೇಕು. ಅಸಿಂಕ್ರನಸ್ ಬಗೆಯಲ್ಲಿ ಇಲ್ಲಿ ಬರೆದೊಡನೆ ಉತ್ತರ ಸಿಗುತ್ತದೆ, ಪ್ರತಿ ಹಿಂದಿನಿಂದ ಹೋಗುತ್ತದೆ. ವಿಪತ್ತಿನಲ್ಲಿ ದಾರಿಯ ಮೇಲಿದ್ದದ್ದು ಹೋಯಿತು.

ಯಾವುದನ್ನು ಆರಿಸಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬೆಳಕಿನ ವೇಗ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 100 ಕಿ.ಮೀ. ದೂರಕ್ಕೆ ಹೋಗಿಬರಲು 1 ಮಿಲಿಸೆಕೆಂಡ್ ಬೇಕು. ನಡುವಿನ ಸ್ವಿಚ್ಚುಗಳ ಕಾಲ ಬೇರೆ. ಇಂದಿನ ಫ್ಲ್ಯಾಶ್ ಸ್ಟೋರೇಜ್ ಒಂದು ರೈಟನ್ನು ಅದಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿಸುತ್ತದೆ. ಮುಂಬೈಗೂ ಚೆನ್ನೈಗೂ ನೇರ ದೂರವೇ 1,000 ಕಿ.ಮೀ. ಮೀರಿದೆ, ಅಲ್ಲಿಗೆ ಸಿಂಕ್ರನಸ್ ಮಿರರ್ ಇಟ್ಟರೆ ಪ್ರತಿ ರೈಟ್‌ಗೂ 10 ಮಿಲಿಸೆಕೆಂಡಿಗಿಂತ ಹೆಚ್ಚು ತೆರಬೇಕು, ಮತ್ತು ಯಾವ ಡೇಟಾಬೇಸ್ ನಿರ್ವಾಹಕರೂ ಅದಕ್ಕೆ ಒಪ್ಪುವುದಿಲ್ಲ. ಹತ್ತಿರವೇ ಇಟ್ಟರೆ ಒಂದೇ ನೆರೆ, ಒಂದೇ ಭೂಕಂಪ ಎರಡನ್ನೂ ಹಿಡಿಯಬಹುದು. ಆದ್ದರಿಂದ ದೊಡ್ಡ ಸಂಸ್ಥೆಗಳು ಮೂರು ತಾಣಗಳನ್ನು ಇಟ್ಟುಕೊಳ್ಳುತ್ತವೆ: ಮೂಲ, ಅದೇ ಊರಿನಲ್ಲೋ ಪಕ್ಕದಲ್ಲೋ ಸಿಂಕ್ರನಸ್ ಪ್ರತಿ, ದೂರದಲ್ಲಿ ಅಸಿಂಕ್ರನಸ್ ಪ್ರತಿ. ಭಾರತದ ಷೇರುಪೇಟೆಗಳ ನಿಯಂತ್ರಕ ಸಂಸ್ಥೆ ಸೆಬಿ ಕೇಳುವುದೂ ಇದನ್ನೇ. ಡಿಆರ್ ಸೈಟ್ ಬೇರೆ ಭೂಕಂಪ ವಲಯದಲ್ಲಿರಬೇಕು. ಅದು ಆಗದಿದ್ದರೆ ಕನಿಷ್ಠ 500 ಕಿ.ಮೀ. ದೂರವಾದರೂ ಇರಬೇಕು.

ಸ್ಟೋರೇಜ್‌ನಲ್ಲಿ ಮಾತ್ರವಲ್ಲ, ವಿಎಂಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ಮಟ್ಟದಲ್ಲಿಯೂ ಪ್ರತಿ ಮಾಡಬಹುದು. ಮೈಕ್ರೋಸಾಫ್ಟ್ 2012ರ ವಿಂಡೋಸ್ ಸರ್ವರ್‌ನಲ್ಲಿ ತಂದ ಹೈಪರ್-ವಿ ರೆಪ್ಲಿಕಾ ಮೊದಲು 5 ನಿಮಿಷಕ್ಕೊಮ್ಮೆ ಬದಲಾವಣೆ ಕಳಿಸುತ್ತಿತ್ತು. ಮುಂದಿನ ಆವೃತ್ತಿಯಲ್ಲಿ 30 ಸೆಕೆಂಡ್ ಮತ್ತು 15 ನಿಮಿಷದ ಆಯ್ಕೆಗಳು ಬಂದವು. ಇದಕ್ಕೆ ಎರಡೂ ಕಡೆ ಒಂದೇ ಕಂಪನಿಯ ಸ್ಟೋರೇಜ್ ಬೇಕಿಲ್ಲ. ಸಣ್ಣ ಸಂಸ್ಥೆಗಳಿಗೆ ಇದು ಸಾಕು.

ಬರೆದ ಕ್ರಮ

ಪ್ರತಿ ಎಷ್ಟು ತಾಜಾ ಎಂಬುದಕ್ಕಿಂತ ಅದು ಬರೆದ ಕ್ರಮದಲ್ಲೇ ತಲುಪಿದೆಯೇ ಎಂಬುದು ಮುಖ್ಯ. ಡೇಟಾಬೇಸ್ ಮೊದಲು ತನ್ನ ಲಾಗ್‌ನಲ್ಲಿ ಬದಲಾವಣೆಯನ್ನು ಬರೆದಿಟ್ಟು ಆಮೇಲೆ ಅಸಲು ಪುಟವನ್ನು ತಿದ್ದುತ್ತದೆ. ಕರೆಂಟು ಹೋದರೆ ಲಾಗ್ ನೋಡಿ ಸರಿಪಡಿಸಿಕೊಳ್ಳುತ್ತದೆ. ಲಾಗ್ ಒಂದು ಡಿಸ್ಕಿನಲ್ಲಿ, ಪುಟಗಳು ಇನ್ನೊಂದರಲ್ಲಿ ಇದ್ದು, ಎರಡನೆಯದರ ಪ್ರತಿ ಮುಂದೆ ಓಡಿ ಮೊದಲನೆಯದು ಹಿಂದೆ ಬಿದ್ದರೆ, ಆಚೆ ಎದ್ದ ಡೇಟಾಬೇಸ್ ಲೆಕ್ಕಕ್ಕೆ ಸಿಗದ ಪುಟಗಳನ್ನು ಕಂಡು ಕೈಚೆಲ್ಲುತ್ತದೆ. ಅದಕ್ಕೇ ಒಂದು ಸೇವೆಗೆ ಸೇರಿದ ಎಲ್ಲ ಡಿಸ್ಕುಗಳನ್ನೂ ಒಂದೇ ಕನ್ಸಿಸ್ಟೆನ್ಸಿ ಗುಂಪಿಗೆ ಹಾಕಿ ಒಟ್ಟಿಗೆ ಮುಂದಕ್ಕೊಯ್ಯುತ್ತಾರೆ. ವಿಎಂಗೆ ಹೊಸ ಡಿಸ್ಕ್ ಸೇರಿಸುವಾಗ ಅದನ್ನು ಗುಂಪಿನ ಹೊರಗೆ ಬಿಟ್ಟಿರುವುದು ಡಿಆರ್ ತಾಲೀಮುಗಳಲ್ಲಿ, ಅಂದರೆ ಡ್ರಿಲ್‌ಗಳಲ್ಲಿ, ಮೇಲಿಂದ ಮೇಲೆ ಸಿಕ್ಕಿಬೀಳುವ ತಪ್ಪು.

ಫೇಲ್‌ಓವರ್ ಹೇಗೆ ನಡೆಯುತ್ತದೆ

ಎಸ್‌ಆರ್‌ಎಂ ರೀತಿಯ ವ್ಯವಸ್ಥೆಯಲ್ಲಿ ಆಚೆ ಸೈಟಿನಲ್ಲಿ ಪ್ರತಿ ವಿಎಂಗೂ ಒಂದು ಖಾಲಿ ನಮೂದು ಕಾದು ಕುಳಿತಿರುತ್ತದೆ. ಆದೇಶ ಬಂದೊಡನೆ ಸ್ಟೋರೇಜ್ ಮಿರರನ್ನು ಕತ್ತರಿಸಿ, ಅಲ್ಲಿಯ ತನಕ ಓದಲು ಮಾತ್ರ ಇದ್ದ ಪ್ರತಿಯನ್ನು ಬರೆಯಬಲ್ಲದ್ದಾಗಿ ಮಾಡಿ ಅಲ್ಲಿನ ಹೋಸ್ಟ್‌ಗಳಿಗೆ ತೋರಿಸುತ್ತದೆ. ಇಲ್ಲೊಂದು ತೊಡಕಿದೆ. ವಿಎಂವೇರ್‌ನ ವಿಎಂಎಫ್‌ಎಸ್ ಕಡತ ವ್ಯವಸ್ಥೆ ತಾನು ಯಾವ ಡಿಸ್ಕಿನ ಮೇಲೆ ಹುಟ್ಟಿತೆಂಬುದನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಆ ಗುರುತು ಬೇರೆ ಡಿಸ್ಕಿನ ಮೇಲೆ ಕಂಡಾಗ ಇದು ನಕಲು ಎಂದು ಹೋಸ್ಟ್ ಅದನ್ನು ತೆರೆಯದೆ ಬಿಡುತ್ತದೆ. ಒಂದೇ ಗುರುತಿನ ಎರಡು ಡೇಟಾಸ್ಟೋರ್‌ಗಳು (ವಿಎಂ ಫೈಲುಗಳನ್ನಿಡುವ ಜಾಗಗಳು) ಒಂದೇ ಕಡೆ ಕಂಡು ಗೊಂದಲವಾಗದಿರಲಿ ಎಂಬ ಎಚ್ಚರ ಅದು. ಆದ್ದರಿಂದ ಹೊಸ ಗುರುತು ಬರೆಯಬೇಕು. ಡೇಟಾಸ್ಟೋರ್‌ನ ಹೆಸರಿನ ಮುಂದೆ ‘ಸ್ನ್ಯಾಪ್’ ಎಂದೂ ಒಂದು ಸಂಖ್ಯೆಯೂ ಅಂಟಿಕೊಳ್ಳುತ್ತದೆ. ವಿಎಂಗಳ ಸಂರಚನೆಯಲ್ಲಿರುವ ಹಳೆಯ ವಿಳಾಸಗಳನ್ನು ತಿದ್ದಿ, ಹೊಸ ಐಪಿ ಕೊಟ್ಟು, ಡೇಟಾಬೇಸ್ ಮೊದಲು, ಅಪ್ಲಿಕೇಷನ್ ಆಮೇಲೆ, ವೆಬ್ ಸರ್ವರ್ ಕೊನೆಗೆ ಎಂದು ಸರದಿಯಲ್ಲಿ ಎಬ್ಬಿಸಬೇಕು. ತಂತ್ರಾಂಶವಿದ್ದರೆ ಇದೆಲ್ಲ ತಾನೇ ಆಗುತ್ತದೆ. ರಾತ್ರಿ 2 ಗಂಟೆಗೆ ಕೈಯಿಂದ ಮಾಡುವವರ ಪಾಡು ಬೇರೆ.

ಆಜ್ಞೆ ಕೊಡುವ ಮುನ್ನ ಖಚಿತವಾಗಬೇಕಾದ ಸಂಗತಿ ಒಂದಿದೆ: ಮೂಲ ಸೈಟ್ ನಿಜಕ್ಕೂ ಸತ್ತಿದೆಯೇ, ಅಥವಾ ನಡುವಿನ ತಂತಿ ಮಾತ್ರ ಕಡಿದಿದೆಯೇ? ಎರಡೂ ಕಡೆ ತಾನೇ ಯಜಮಾನ ಎಂದು ಬರೆಯತೊಡಗಿದರೆ ಸ್ಪ್ಲಿಟ್-ಬ್ರೇನ್ ಸ್ಥಿತಿ ಉಂಟಾಗುತ್ತದೆ. ಆಮೇಲೆ ಎರಡು ಇತಿಹಾಸಗಳನ್ನು ಹೊಲಿದು ಒಂದು ಮಾಡುವ ಯಂತ್ರ ಇಲ್ಲ. ಇದನ್ನು ತಡೆಯಲು ಮೂರನೆಯ ಜಾಗದಲ್ಲಿ ಒಂದು ಸಾಕ್ಷಿ ಸರ್ವರನ್ನು ಇಡುತ್ತಾರೆ; ಅದರ ಸಂಪರ್ಕ ಉಳಿಸಿಕೊಂಡವರಿಗೆ ಯಜಮಾನಿಕೆ, ಉಳಿದವರ ಕರೆಂಟನ್ನೇ ಕತ್ತರಿಸುವುದು.

2018ರ ಅಕ್ಟೋಬರ್ 21ರಂದು ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಆದದ್ದು ಇದರ ಪಾಠ. ಅಮೆರಿಕದ ಪೂರ್ವ ಕರಾವಳಿಯ ಮೂಲ ಡೇಟಾ ಸೆಂಟರಿನ ಸಂಪರ್ಕ ಕೇವಲ 43 ಸೆಕೆಂಡ್ ಕಡಿಯಿತು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಡೇಟಾಬೇಸ್‌ಗಳ ಯಜಮಾನಿಕೆಯನ್ನು ಪಶ್ಚಿಮ ಕರಾವಳಿಗೆ ಕೊಟ್ಟುಬಿಟ್ಟಿತು. ಪೂರ್ವದಲ್ಲಿ ಬರೆದು ಪಶ್ಚಿಮಕ್ಕೆ ತಲುಪದ ಕೆಲವು ಸೆಕೆಂಡಿನ ಬರಹ ಒಂದೆಡೆ, ಪಶ್ಚಿಮದಲ್ಲಿ ಆಮೇಲೆ ಬರೆದ ಸುಮಾರು 40 ನಿಮಿಷದ ಬರಹ ಇನ್ನೊಂದೆಡೆ. ಸುಮ್ಮನೆ ಹಿಂದಿರುಗುವಂತಿರಲಿಲ್ಲ. ಬ್ಯಾಕಪ್‌ನಿಂದ ಮರಳಿ ಕಟ್ಟಿ, ಎರಡನ್ನೂ ಸಮಗೊಳಿಸಿ, ಪೂರ್ವಕ್ಕೆ ಮರಳುವ ಹೊತ್ತಿಗೆ ಸೇವೆ 24 ಗಂಟೆ 11 ನಿಮಿಷ ಕುಂಟಿತ್ತು. ಅತಿ ಬಿಡುವಿಲ್ಲದ ಡೇಟಾಬೇಸ್ ಕ್ಲಸ್ಟರ್‌ಗಳಲ್ಲಿ ಒಂದರಲ್ಲಿ ಹೀಗೆ ಅತಂತ್ರವಾದ ರೈಟ್‌ಗಳು 954. ಇದು ಸ್ಟೋರೇಜ್ ಮಿರರ್ ಅಲ್ಲ, ಡೇಟಾಬೇಸ್ ಪ್ರತಿ. ಆದರೂ ನ್ಯಾಯ ಒಂದೇ. ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ, ಬರಲು ಒಂದು ಹಗಲು ಒಂದು ರಾತ್ರಿ ಹಿಡಿಯಿತು.

ಫೇಲ್‌ಬ್ಯಾಕ್

ಕಾಗದದ ಮೇಲೆ ಫೇಲ್‌ಬ್ಯಾಕ್ ಸುಲಭ. ಮಿರರ್‌ನ ದಿಕ್ಕು ತಿರುಗಿಸಿ ಡಿಆರ್‌ನಿಂದ ಮೂಲಕ್ಕೆ ಮಾಹಿತಿ ಹರಿಸುವುದು; ಎಸ್‌ಆರ್‌ಎಂನಲ್ಲಿ ಈ ಹೆಜ್ಜೆಗೆ ರೀಪ್ರೊಟೆಕ್ಟ್ ಎಂದು ಹೆಸರು. ಎರಡೂ ಸಮವಾದ ಮೇಲೆ ಅನುಕೂಲದ ವೇಳೆ ನೋಡಿ ಡಿಆರ್‌ನ ವಿಎಂಗಳನ್ನು ಕ್ರಮವಾಗಿ ಆರಿಸುವುದು, ಕೊನೆಯ ವ್ಯತ್ಯಾಸವನ್ನು ಕಳಿಸುವುದು, ಮೂಲದಲ್ಲಿ ಎಬ್ಬಿಸುವುದು. ಆಮೇಲೆ ದಿಕ್ಕನ್ನು ಇನ್ನೊಮ್ಮೆ ತಿರುಗಿಸಿ ಮೊದಲಿನಂತೆ ಮಾಡುವುದು. ಇದು ಯೋಜಿತ ಕೆಲಸವಾದ್ದರಿಂದ ಮಾಹಿತಿ ಕಳೆಯುವ ಅಗತ್ಯವೇ ಇಲ್ಲ.

ಕಷ್ಟವಿರುವುದು ಮೊದಲ ಹೆಜ್ಜೆಯಲ್ಲಿ. ಉದಾಹರಣೆಗೆ, ಅಸಿಂಕ್ರನಸ್ ಮಿರರ್‌ನ ಲಿಂಕ್ 10:40ಕ್ಕೆ ಕಡಿದು, ಮೂಲ ಸೆಂಟರ್ 10:42ಕ್ಕೆ ನಿಂತಿತು ಎಂದುಕೊಳ್ಳಿ. ಡಿಆರ್ 10:40ರ ಚಿತ್ರದಿಂದ ಎದ್ದು ಮೂರು ದಿನ ನಡೆಯಿತು. ಮೂಲದ ಡಿಸ್ಕುಗಳು ಉಳಿದಿವೆ. ಅವುಗಳಲ್ಲಿ ಡಿಆರ್ ಎಂದೂ ಕಾಣದ ಎರಡು ನಿಮಿಷದ ಬರಹ ಇದೆ. ಸ್ಟೋರೇಜ್ ಎರಡೂ ಕಡೆ ಯಾವ ಬ್ಲಾಕ್ ಬದಲಾಯಿತೆಂದು ಒಂದು ಬಿಟ್‌ಮ್ಯಾಪ್‌ನಲ್ಲಿ ಗುರುತು ಹಾಕಿಕೊಂಡಿರುತ್ತದೆ. ಮರಳಿಸುವಾಗ ಡಿಆರ್‌ನ ಮೂರು ದಿನದ ಬ್ಲಾಕುಗಳನ್ನಷ್ಟೇ ಕಳಿಸಿದರೆ ಸಾಲದು. ಮೂಲದಲ್ಲಿ ಆ ಎರಡು ನಿಮಿಷದಲ್ಲಿ ಬದಲಾದ ಬ್ಲಾಕುಗಳನ್ನೂ ಡಿಆರ್‌ನ ಪ್ರತಿಯಿಂದಲೇ ತುಂಬಬೇಕು. ಇಲ್ಲದಿದ್ದರೆ ಮೂಲದಲ್ಲಿ ಉಂಟಾಗುವುದು ಯಾವ ಕ್ಷಣದಲ್ಲೂ ಅಸ್ತಿತ್ವದಲ್ಲಿರದಿದ್ದ ಒಂದು ಡಿಸ್ಕ್, ಅರ್ಧ ಇಂದಿನದು, ಅರ್ಧ 10:42ರದು. ಒಳ್ಳೆಯ ಸ್ಟೋರೇಜ್ ಎರಡೂ ಬಿಟ್‌ಮ್ಯಾಪ್‌ಗಳನ್ನು ತಾನೇ ಕೂಡಿಸಿಕೊಳ್ಳುತ್ತದೆ. ಸ್ವಂತ ಸ್ಕ್ರಿಪ್ಟುಗಳಿಂದ ಕಟ್ಟಿಕೊಂಡವರು ಇದನ್ನು ನೆನಪಿಡಬೇಕು. ಆ ಎರಡು ನಿಮಿಷದಲ್ಲಿ ಗ್ರಾಹಕರು ಕಟ್ಟಿದ ಹಣ, ಕೊಟ್ಟ ಆರ್ಡರ್ ಇದ್ದಾವು. ಮರಳಿಸುವ ಮೊದಲೇ ಮೂಲದ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಕೈಯಿಂದ ತಾಳೆ ನೋಡಬೇಕು. ಒಮ್ಮೆ ತಿರುಗಿಸಿ ಬರೆದರೆ ಅದಕ್ಕೆ ಬೇರೆ ಪ್ರತಿ ಇಲ್ಲ.

ಎಲ್ಲಕ್ಕಿಂತ ದೊಡ್ಡ ಅನಾಹುತ ದಿಕ್ಕು ತಪ್ಪುವುದು. ದುರಸ್ತಿಯಾದ ಮೂಲ ಮತ್ತೆ ಚಾಲೂ ಆದಾಗ ಹಳೆಯ ಸಂರಚನೆಯಂತೆ ತಾನೇ ಯಜಮಾನ ಎಂದುಕೊಂಡು ಮೂರು ದಿನ ಹಳೆಯ ಮಾಹಿತಿಯನ್ನು ಡಿಆರ್‌ನ ತಾಜಾ ಮಾಹಿತಿಯ ಮೇಲೆ ಬರೆದರೆ, ಬೆಂಕಿ ಮಾಡದಿದ್ದ ನಷ್ಟವನ್ನು ಮಿರರ್ ತಾನೇ ಮಾಡುತ್ತದೆ. ಇದನ್ನು ತಡೆಯುವ ಕ್ರಮ ಸರಳ: ಮೂಲವನ್ನು ಮೊದಲು ನೆಟ್‌ವರ್ಕಿನಿಂದ ದೂರವಿಟ್ಟು ಚಾಲೂ ಮಾಡಿ, ಹಳೆಯ ವಿಎಂಗಳನ್ನು ಆರಿಸಿ, ಪಾತ್ರ ಬದಲಿಸಿ, ಇಬ್ಬರು ನೋಡಿ ಸಹಿ ಹಾಕಿದ ಮೇಲೆ ಲಿಂಕ್ ತೆರೆಯುವುದು.

ಮೂಲದ ಡಿಸ್ಕುಗಳೇ ಹೋಗಿದ್ದರೆ ಬಿಟ್‌ಮ್ಯಾಪ್‌ಗೆ ಕೆಲಸವಿಲ್ಲ, ಪೂರ್ತಿ ಪ್ರತಿ ಬೇಕು. 50 ಟೆರಾಬೈಟ್ ಮಾಹಿತಿ 1 ಗಿಗಾಬಿಟ್ ಲಿಂಕ್‌ನಲ್ಲಿ, ಲಿಂಕ್ ಪೂರಾ ಇದಕ್ಕೇ ಸಿಕ್ಕರೂ, ತಲುಪಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಅದೇ ಲಿಂಕ್‌ನಲ್ಲಿ ಬಳಕೆದಾರರೂ ಇದ್ದರೆ ಇನ್ನಷ್ಟು. ಅಷ್ಟು ದಿನವೂ ಸಂಸ್ಥೆಯ ಹತ್ತಿರ ಇರುವುದು ಡಿಆರ್‌ನ ಒಂದೇ ಪ್ರತಿ. ಅದಕ್ಕೆ ಆಸರೆಯಾಗಿ ಮತ್ತೊಂದಿಲ್ಲ. ಆರ್‌ಟಿಒ ಸಾಧಿಸಿದೆವೆಂದು ಸಿಹಿ ಹಂಚುವ ಹೊತ್ತಿಗೆ ಈ ಅಪಾಯ ಯಾರ ಗಮನಕ್ಕೂ ಬಂದಿರುವುದಿಲ್ಲ. ಡಿಸ್ಕುಗಳನ್ನು ವಾಹನದಲ್ಲಿ ಸಾಗಿಸುವುದು ಎಷ್ಟೋ ಸಲ ಬೇಗ.

ಡಿಸ್ಕಿನಾಚೆಗಿನ ಸಂಗತಿಗಳೂ ಇವೆ. ಡಿಆರ್‌ನಲ್ಲಿದ್ದ ದಿನಗಳಲ್ಲಿ ಹೊಸ ವಿಎಂ ಹುಟ್ಟಿರುತ್ತದೆ, ಫೈರ್‌ವಾಲ್‌ನಲ್ಲಿ ತುರ್ತಿಗೆಂದು ನಿಯಮ ಸೇರಿರುತ್ತದೆ, ಪಾಸ್‌ವರ್ಡ್ ಬದಲಾಗಿರುತ್ತದೆ, ಡಿಎನ್‌ಎಸ್ ತಿದ್ದಿರುತ್ತಾರೆ. ಇವು ಮಿರರ್‌ನಲ್ಲಿ ಹಿಂದಿರುಗುವುದಿಲ್ಲ. ಬಳಕೆದಾರರ ಗುರುತು ಮತ್ತು ಪ್ರವೇಶ ನೋಡಿಕೊಳ್ಳುವ ಆ್ಯಕ್ಟಿವ್ ಡೈರೆಕ್ಟರಿಯ ಸರ್ವರ್‌ಗಳನ್ನಂತೂ ಸ್ಟೋರೇಜ್ ಮಿರರ್‌ನಿಂದ ಒಯ್ಯಲೇಬಾರದು ಎಂಬುದು ಅನುಭವಿಗಳ ಮಾತು. ಅವು ತಮ್ಮೊಳಗೇ ಕ್ರಮಸಂಖ್ಯೆ ಇಟ್ಟುಕೊಂಡು ಪ್ರತಿ ಹಂಚಿಕೊಳ್ಳುತ್ತವೆ, ಒಂದು ಹಳೆಯ ಸ್ಥಿತಿಗೆ ಜಾರಿದರೆ ಉಳಿದವಕ್ಕೂ ಅದಕ್ಕೂ ಲೆಕ್ಕ ತಪ್ಪುತ್ತದೆ. 2012ರ ವಿಂಡೋಸ್ ಸರ್ವರ್‌ನಿಂದೀಚೆಗೆ ಇದಕ್ಕೊಂದು ಕಾವಲು ಬಂದಿದೆ. ಆದರೂ ಎರಡೂ ಸೈಟಿನಲ್ಲಿ ಒಂದೊಂದು ಜೀವಂತ ಸರ್ವರ್ ಇಡುವುದೇ ಲೇಸು.

ಮಿರರ್ ಬ್ಯಾಕಪ್ ಅಲ್ಲ

ಮಿರರ್ ವಿಧೇಯ, ವಿವೇಚನೆಯಿಲ್ಲದ್ದು. ತಪ್ಪಾಗಿ ಅಳಿಸಿದ ಫೈಲು ಆಚೆಯೂ ಅಳಿಯುತ್ತದೆ. ರ್‍ಯಾನ್ಸಮ್‌ವೇರ್ ಗೂಢಲಿಪಿಯಾಗಿಸಿದ ಬ್ಲಾಕು ಅಷ್ಟೇ ನಿಷ್ಠೆಯಿಂದ ಆಚೆ ತಲುಪುತ್ತದೆ. ಪ್ರತಿ ರೈಟನ್ನೂ ವೇಳೆ ಸಮೇತ ಜರ್ನಲ್‌ನಲ್ಲಿ ಇಟ್ಟುಕೊಂಡು ಬೇಕಾದ ಕ್ಷಣಕ್ಕೆ ಹಿಂದೆ ಸರಿಯಲು ಬಿಡುವ ಜೆರ್ಟೊ, ರಿಕವರ್‌ಪಾಯಿಂಟ್‌ನಂಥ ಉತ್ಪನ್ನಗಳು ಈ ಕೊರತೆಗೆ ಹುಟ್ಟಿಕೊಂಡವು. ಅವುಗಳ ಜತೆಗೂ ಬೇರೆ ಕಡೆ ಬ್ಯಾಕಪ್ ಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟು ಬೂದಿಯಾದಾಗ ಬ್ಯಾಕಪ್ ಅದೇ ಆವರಣದಲ್ಲಿದ್ದವರೂ ಕೈಸುಟ್ಟುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಲಿಥಿಯಂ ಬ್ಯಾಟರಿಯಿಂದ ಹೊತ್ತಿದ ಬೆಂಕಿ ನೂರಾರು ಸರ್ಕಾರಿ ಸೇವೆಗಳನ್ನು ನಿಲ್ಲಿಸಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್‌ನ ಜಿ-ಡ್ರೈವ್‌ಗೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ಅಲ್ಲಿ ಫೇಲ್‌ಬ್ಯಾಕ್‌ನ ಪ್ರಶ್ನೆಯೇ ಏಳಲಿಲ್ಲ.

ಭಾರತದಲ್ಲಿ

ಮಿರರ್ ಸ್ಟೋರೇಜ್‌ನ ತೊಡಕು ಭಾರತದಲ್ಲಿ ಎದ್ದು ಕಂಡದ್ದು 2021ರ ಫೆಬ್ರವರಿ 24ರಂದು. ಅಂದು ಬೆಳಿಗ್ಗೆ 11:40ಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) ವಹಿವಾಟು ನಿಲ್ಲಿಸಿತು. ಸಂಸ್ಥೆಯ ವಿವರಣೆಯಂತೆ, ಮೂಲ ಸೈಟಿಗೂ ಹತ್ತಿರದ ಡಿಆರ್‌ಗೂ ನಡುವಿನ ಟೆಲಿಕಾಂ ಲಿಂಕ್‌ಗಳು ಕೆಟ್ಟವು. ಆಗ ಸ್ಟೋರೇಜ್ ನಿರೀಕ್ಷೆಯಂತೆ ನಡೆದುಕೊಳ್ಳದೆ, ಮೂಲದ ಸ್ಯಾನ್ (ಸರ್ವರ್‌ಗಳು ಹಂಚಿಕೊಳ್ಳುವ ಸ್ಟೋರೇಜ್ ಜಾಲ) ತನ್ನ ಸರ್ವರ್‌ಗಳಿಗೇ ಸಿಗದಾಯಿತು. ಅಪಾಯ ನಿರ್ವಹಣಾ ವ್ಯವಸ್ಥೆ ನಿಂತದ್ದರಿಂದ ವ್ಯಾಪಾರ ಮುಂದುವರಿಸುವಂತಿರಲಿಲ್ಲ. ದೂರದ ಡಿಆರ್‌ಗೆ ವಹಿವಾಟು ಹೋಗಲಿಲ್ಲ, ಏಕೆಂದು ಸೆಬಿ ಕೇಳಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ. ಸಮಯ ಸಂಜೆ 5ರ ತನಕ ವಿಸ್ತರಣೆಯಾಯಿತು. ರಕ್ಷಣೆಗೆಂದು ಕಟ್ಟಿದ ಮಿರರ್ ಲಿಂಕೇ ಮೂಲವನ್ನು ಕೆಡವಬಹುದು ಎಂಬುದು ಈ ಘಟನೆಯ ಕಹಿ ಸಂಗತಿ. ಪ್ರತಿ ತಲುಪದಿದ್ದಾಗ ಸ್ಟೋರೇಜ್ ನಿಲ್ಲಬೇಕೋ, ಒಂಟಿಯಾಗಿ ಮುಂದುವರಿಯಬೇಕೋ ಎಂಬ ಆಯ್ಕೆಯನ್ನು ಕಟ್ಟುವಾಗಲೇ ಮಾಡಿ ಪರೀಕ್ಷಿಸಿರಬೇಕು.

ಮರುತಿಂಗಳೇ ಸೆಬಿ ನಿಯಮ ಬಿಗಿಗೊಳಿಸಿತು: ತೊಂದರೆಯಾದ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಕೆಲಸ ಶುರುವಾಗಬೇಕು, ಆರ್‌ಪಿಒ 15 ನಿಮಿಷ. ಘೋಷಣೆಗೆ ಗಡುವು ಹಾಕಿದ್ದು ಇಲ್ಲಿ ಜಾಣತನ. ಸರಿಹೋದೀತು ಎಂದು ಕಾಯುತ್ತ ಕಳೆಯುವ ಗಂಟೆಗಳು ಘೋಷಣೆಯಿಂದ ಎಣಿಸುವ ಆರ್‌ಟಿಒ ಲೆಕ್ಕಕ್ಕೆ ಸೇರುವುದಿಲ್ಲ. 2024ರ ಮಾರ್ಚ್ 2 ಮತ್ತು ಮೇ 18, ಎರಡೂ ಶನಿವಾರ, ಎನ್‌ಎಸ್‌ಇ ವಿಶೇಷ ವಹಿವಾಟು ನಡೆಸಿ ಬೆಳಗಿನ ಮೊದಲ ಅವಧಿಯನ್ನು ಮೂಲ ಸೈಟಿನಿಂದಲೂ ಎರಡನೆಯದನ್ನು ಡಿಆರ್‌ನಿಂದಲೂ ಸಾಗಿಸಿತು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ 2023ರ ನಿರ್ದೇಶನ, 2024ರ ಏಪ್ರಿಲ್ 1ರಿಂದ ಜಾರಿ, ಮುಖ್ಯ ವ್ಯವಸ್ಥೆಗಳಿಗೆ ಅರ್ಧ ವರ್ಷಕ್ಕೊಮ್ಮೆಯಾದರೂ ಡ್ರಿಲ್ ಮಾಡಿ ಕನಿಷ್ಠ ಒಂದು ಪೂರ್ಣ ಕೆಲಸದ ದಿನ ಡಿಆರ್‌ನಿಂದಲೇ ನಡೆಸಲು ಹೇಳುತ್ತದೆ. ಹೋದವರು ಬರಲೇಬೇಕಾದ್ದರಿಂದ ಫೇಲ್‌ಬ್ಯಾಕ್‌ನ ಅಭ್ಯಾಸವೂ ಇದರೊಳಗೆ ಸೇರುತ್ತದೆ.

ಆದರೆ ಒಂದು ದಿನದ ಡ್ರಿಲ್‌ನಲ್ಲಿ ಮರಳಿಸಬೇಕಾದ ವ್ಯತ್ಯಾಸ ಚಿಕ್ಕದು, ಮೂಲದ ಡಿಸ್ಕುಗಳೂ ಹಾಗೇ ಇರುತ್ತವೆ. ಸುಟ್ಟ ಸೆಂಟರಿಗೆ ಖಾಲಿ ಸ್ಟೋರೇಜ್ ತಂದಿಟ್ಟು, ವ್ಯವಹಾರ ನಡೆಯುತ್ತಿರುವಾಗಲೇ ಪೂರ್ತಿ ಮಾಹಿತಿಯನ್ನು ಹಿಂದಕ್ಕೆ ತುಂಬುವ ಕೆಲಸವನ್ನು ಇಂಥ ಡ್ರಿಲ್ ಪರೀಕ್ಷಿಸುವುದಿಲ್ಲ. ಅದಕ್ಕೆ ಎಷ್ಟು ದಿನ, ಎಷ್ಟು ಲಿಂಕ್, ಅಷ್ಟು ದಿನ ಡಿಆರ್‌ಗೆ ಆಸರೆಯಾಗುವ ಇನ್ನೊಂದು ಪ್ರತಿ ಎಲ್ಲಿ ಎಂಬುದನ್ನು ಸಂಸ್ಥೆಗಳು ಬೇರೆಯಾಗಿಯೇ ಬರೆದಿಟ್ಟುಕೊಳ್ಳಬೇಕು.